ಇಳಿಯದ ತೋಳು

ನಾನು ನಿಂತಿದ್ದದ್ದು ಕಮಾಂಡರ್ ದೇಸಾಯಿಯವರ ಎದುರಿಗೆ, ಅವರ ನೆರಳಿನ ತಲೆ ಹುಲ್ಲಿನ ಮೇಲೆ ಎಲ್ಲಿ ಮುಗಿಯುತ್ತಿತ್ತೋ ಅಲ್ಲಿಂದ ಒಂದು ಹೆಜ್ಜೆ ಆಚೆ. ಜಾಗ, ವಿಶಾಖಪಟ್ಟಣದ ಒಂದು ಗಾಲ್ಫ್ ಮೈದಾನದ ಅಂಚಿನಲ್ಲಿ ಕಲಿಯುವವರಿಗೆಂದು ಬಿಟ್ಟಿದ್ದ ಹುಲ್ಲಿನ ಪಟ್ಟಿ. ಹೊತ್ತು, ಯುಗಾದಿಯ ಬೆಳಿಗ್ಗೆ. ಬಿಸಿಲು ಸಮುದ್ರದ ಕಡೆಯ ಸರ್ವೆ ಮರಗಳ ತುದಿಯನ್ನು ಆಗಷ್ಟೇ ದಾಟಿತ್ತು. ಅವರ ಬೆನ್ನು ಸೂರ್ಯನಿಗೆ, ನನ್ನ ಮುಖ ಸೂರ್ಯನಿಗೆ. ನನ್ನ ಕೈಗಳು ಖಾಲಿಯಿದ್ದವು.

ಇಷ್ಟೊಂದು ಖಚಿತವಾಗಿ ಶುರುಮಾಡುವವನು ಹರಟೆಗೆ ಒಳ್ಳೆಯ ಜೊತೆಯಲ್ಲ ಎಂದು ನಿಮಗೆ ಅನ್ನಿಸಬಹುದು. ನಾನು ಸ್ವಭಾವದಿಂದ ಹರಟೆಯ ಮನುಷ್ಯನೇ. ಎಲ್ಲಿ ಒಳ್ಳೆಯ ಕಾಫಿ ಸಿಕ್ಕಿತು, ಯಾವ ಊರಿನ ವರ್ಗಾವಣೆಯಲ್ಲಿ ಎಂಥ ಮನೆ ಸಿಕ್ಕಿತು ಎಂಬುದನ್ನೆಲ್ಲ ಹೇಳುವಾಗ ಸ್ವಲ್ಪ ಸೇರಿಸುತ್ತೇನೆ, ಸ್ವಲ್ಪ ಬಿಡುತ್ತೇನೆ. ಆದರೆ ಆ ಬೆಳಗಿನ ಬಗ್ಗೆ ಅಲ್ಲಿ ಇಲ್ಲದಿದ್ದವರು ಆಮೇಲೆ ಬಹಳ ಮಾತಾಡಿದರು. ಮುದುಕ ಹಬ್ಬದ ಹುರುಪಿನಲ್ಲಿ ಜೋರಾಗಿ ಬೀಸಿ ತೋಳು ಹರಿದುಕೊಂಡ ಎಂದರು. ವಯಸ್ಸಿಗೆ ತಕ್ಕಂತೆ ಇರಬೇಕು ಎಂದರು. ಅದು ಹಾಗಲ್ಲ. ಅಲ್ಲಿ ಪಣಕ್ಕೆ ಬಿದ್ದದ್ದು ನನ್ನ ಮಗಳ ತಲೆ. ಆದ್ದರಿಂದ ನಾನು ಇದನ್ನು ನಿಧಾನವಾಗಿ, ಕಂಡಷ್ಟನ್ನೇ ಹೇಳಬೇಕು.

ಇಷ್ಟು ವರ್ಷ ಹೇಳದವನು ಈಗ ಹೇಳುವುದಕ್ಕೆ ಕಾರಣ ಮೊನ್ನೆ ವಿಜಯವಾಡದ ಒನ್ ಟೌನಿನಲ್ಲಿ ನಡೆದ ಒಂದು ಅವಮಾನ. ಹಬ್ಬ ಹತ್ತಿರ ಬಂತೆಂದು ಮಗಳು ಮಾನಸಳ ಜೊತೆ ಸಗಟು ಬಟ್ಟೆ ಅಂಗಡಿಗೆ ಹೋಗಿದ್ದೆ. ಅಂಗಡಿಯ ಹಿರಿಯರು ಉದ್ದನೆಯ ಕೊಕ್ಕೆ ಕೋಲನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ, ಮೇಲೆ ತೂಗುಹಾಕಿದ್ದ ಸೀರೆಯೊಂದನ್ನು ಇಳಿಸುವುದರಲ್ಲಿದ್ದರು. ಅಷ್ಟರಲ್ಲಿ ಒಳಬಾಗಿಲಿನಿಂದ ಅವರ ಹೊಸ ಸೊಸೆ ದೇವಸ್ಥಾನದ ಪ್ರಸಾದ ಹಿಡಿದು ಬಂದಳು. ಬಂದವಳು ಸದ್ದಿಲ್ಲದೆ ಅವರ ಹಿಂದಿನಿಂದ ಕಾಲಿಗೆ ಬಗ್ಗಿದಳು.

ನಾನು ಕೂಗಿದೆ. "ಏಯ್, ಬೇಡಾ" ಎಂದು ಕೂಗಿದೆನಂತೆ, ಅದೂ ಕನ್ನಡದಲ್ಲಿ. ಬಟ್ಟೆ ಕತ್ತರಿಸುತ್ತಿದ್ದ ಅಂಗಡಿ ಹುಡುಗರ ಕೈಗಳು ನಿಂತವು. ಸೊಸೆ ಬೆಚ್ಚಿ ಎದ್ದಳು, ಕೋಲು ತೂಗಾಡುತ್ತ ಮೇಲೆಯೇ ಉಳಿಯಿತು, ಸೀರೆ ಮಾತ್ರ ಮೆಲ್ಲನೆ ನೆಲಕ್ಕೆ ಬಂತು. "ಏಮೈಂದಂಡೀ?" ಎಂದು ಹಿರಿಯರು ನನ್ನ ಮುಖ ನೋಡಿದರು. ಏನಾಯಿತೆಂದು ನಾನು ಹೇಳಲಿ? ಏನೂ ಆಗಿರಲಿಲ್ಲ. ಮಾನಸ ನನ್ನ ಮೊಣಕೈ ಹಿಡಿದು, ಅವರಿಗೆ ತೆಲುಗಿನಲ್ಲಿ ಏನೋ ಸಮಾಧಾನ ಹೇಳಿ, ನನ್ನನ್ನು ಮೆಟ್ಟಿಲಿಳಿಸಿದಳು. ಕಾರಿನಲ್ಲಿ ಕೂತ ಮೇಲೆ ಅವಳು ನನಗೆ ಒಂದು ಮಾತು ಹೇಳಿದಳು. ಅದು ಅದರ ಜಾಗದಲ್ಲಿ ಬರಲಿ.

ಗಾಲ್ಫ್ ಆಡುವ ಮನೆತನ ನಮ್ಮದಲ್ಲ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾನು ತುಮಕೂರಿನ ಕಡೆಯ ಒಬ್ಬ ಬ್ಯಾಂಕ್ ಅಧಿಕಾರಿ. ವಿಶಾಖಪಟ್ಟಣಕ್ಕೆ ವರ್ಗವಾಗಿ ಎಂವಿಪಿ ಕಾಲೋನಿಯ ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗೆ ಇದ್ದೆ. ಕಟ್ಟಡದ ಸುತ್ತ ಕೋಚಿಂಗ್ ಸೆಂಟರುಗಳು, ಅವುಗಳ ಮುಂದೆ ಸಾಲು ಸ್ಕೂಟರುಗಳು. ಒಂದು ಸಂಜೆ ಲಿಫ್ಟಿನಲ್ಲಿ ಫೋನು ಹಿಡಿದು ಊರಿನ ತಮ್ಮನೊಡನೆ ಮಾತಾಡುತ್ತಿದ್ದೆ. ಮೂಲೆಯಲ್ಲಿ ನಿಂತಿದ್ದ ಬಿಳಿ ಮೀಸೆಯ ನೇರ ಬೆನ್ನಿನ ಮನುಷ್ಯರೊಬ್ಬರು ನಾನು ಫೋನಿಡುವ ತನಕ ಕಾದು, "ಕನ್ನಡದವರೇನ್ರೀ?" ಎಂದರು. ನನ್ನ ಮಹಡಿ ಬಂದರೂ ಲಿಫ್ಟಿನ ಬಾಗಿಲಿಗೆ ಕಾಲು ಅಡ್ಡ ಕೊಟ್ಟು ಮಾತು ಮುಂದುವರಿಸಿದರು. ಧಾರವಾಡದವರು, ನೌಕಾಪಡೆಯಲ್ಲಿ ಕಮಾಂಡರ್ ಆಗಿ ನಿವೃತ್ತರಾದವರು. ಸಮುದ್ರ ಬಿಟ್ಟು ಇರಲಾರದೆ ಇಲ್ಲೇ ಉಳಿದಿದ್ದರು. ಹೆಂಡತಿ ಶಾಂತಾಬಾಯಿ ಮಾತ್ರ ಸಮುದ್ರದ ಗಾಳಿಗೆ ರೊಟ್ಟಿ ಮೆತ್ತಗಾಗುತ್ತದೆಂದು ಆ ಇಡೀ ಬಂಗಾಳಕೊಲ್ಲಿಯನ್ನೇ ದೂರುತ್ತಿದ್ದರು.

ಕಮಾಂಡರಿಗೆ ಎರಡು ಚಟ. ಒಂದು ಗಾಲ್ಫ್, ಇನ್ನೊಂದು ಗಾಲ್ಫ್ ಕಲಿಸುವುದು. ನನ್ನ ಭುಜ ಹಿಡಿದುಕೊಂಡಿದೆ ಎಂದು ಒಮ್ಮೆ ಬಾಯಿತಪ್ಪಿ ಹೇಳಿದ್ದೇ ತಡ, ಹಳೆಯ ಕ್ಲಬ್ಬುಗಳ ಚೀಲವೊಂದು ನನ್ನ ಬಾಗಿಲಿಗೆ ಬಂತು. ಕ್ಲಬ್ ಎಂದರೆ ಗಾಲ್ಫಿನವರ ಭಾಷೆಯಲ್ಲಿ ಚೆಂಡು ಹೊಡೆಯುವ ದೊಣ್ಣೆ: ಉಕ್ಕಿನ ಕೋಲು, ತುದಿಯಲ್ಲಿ ಕಬ್ಬಿಣದ ಗಡ್ಡೆ. ಆ ಗಡ್ಡೆಯ ತೂಕ ಅಂಗೈಗೆ ಚೆನ್ನಾಗಿ ಗೊತ್ತಾಗುತ್ತದೆ. ಇದನ್ನು ನೆನಪಿನಲ್ಲಿಡಿ.

ನನ್ನ ಆಟದ ಬಗ್ಗೆ ಹೇಳುವುದಾದರೆ, ಚೆಂಡು ನನ್ನನ್ನು ಕಂಡರೆ ಹೆದರುತ್ತಿರಲಿಲ್ಲ. ನಾನು ಹಲ್ಲು ಕಚ್ಚಿ ಬೀಸುತ್ತಿದ್ದೆ. ದೊಣ್ಣೆ ಚೆಂಡಿನ ಮೇಲಿಂದ, ಬಹಳ ಮೇಲಿಂದ, ಸುಂಯ್ ಎಂದು ಹಾದುಹೋಗುತ್ತಿತ್ತು. ಚೆಂಡು ಅಲ್ಲಿಯೇ ಕೂತು ನೋಡುತ್ತಿತ್ತು. ನನ್ನ ಜೊತೆಗೇ ಕಲಿಯುತ್ತಿದ್ದ ಅಪ್ಪಾರಾವುಗಾರು, ಉಕ್ಕಿನ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದವರು, ಬೆಂಚಿನ ಮೇಲೆ ಕಾಲು ಚಾಚಿ ಕೂತು, "ಮೇನೇಜರ್‌ಗಾರು ಮಳ್ಳೀ ಫ್ಯಾನು ವೇಶಾರು" ಎನ್ನುತ್ತಿದ್ದರು. ಮ್ಯಾನೇಜರು ಮತ್ತೆ ಫ್ಯಾನು ಹಾಕಿದರು ಎಂದು. ವೈಶಾಖದ ಸೆಕೆಯಲ್ಲಿ ನನ್ನ ಪಕ್ಕದಲ್ಲಿ ನಿಂತರೆ ತಂಪು ಎಂಬುದು ಆ ಮೈದಾನದಲ್ಲಿ ಹಬ್ಬಿದ್ದ ಮಾತು.

"ನೋಡ್ರಿ ಮ್ಯಾನೇಜರ್ ಸಾಹೇಬ್ರ," ಎಂದು ಕಮಾಂಡರ್ ನನ್ನ ಎರಡೂ ಮುಂಗೈ ಹಿಡಿದು ಹೇಳುತ್ತಿದ್ದರು. "ನಿಮ್ಮ ತೋಳು ಎಲ್ಲಾ ಕೆಲಸಾ ತಾನ ಮಾಡಬೇಕಂತದ. ಅದಕ್ಕ ಇರೋದು ಒಂದ ಕೆಲಸ. ಏಳೋದು, ಇಳಿಯೋದು. ಸುತ್ತೋದು ಅದರದಲ್ಲ. ಸುತ್ತೋದು ಮೈಯ ಕೆಲಸ."

"ಆದರೆ ಸಾರ್, ತೋಳು ಸುತ್ತಿ ಬರೋದು ಕಣ್ಣಿಗೆ ಕಾಣುತ್ತಲ್ಲ."

"ಕಾಣತದ. ತೋಳು ಒನಕಿ, ಮೈ ಬೀಸೋಕಲ್ಲು. ಒನಕಿ ಏಳತದ, ಇಳೀತದ. ಬೀಸೋಕಲ್ಲು ತಿರಗತದ. ಎರಡೂ ಒಮ್ಮೆಗೇ ನಡದರ ದೂರದಿಂದ ನೋಡೋರಿಗೆ ಒನಕೀನ ತಿರುಗಿಧಂಗ ಕಾಣತದ. ನೀವು ಬೀಸೋಕಲ್ಲು ಸರಿ ತಿರಗಸ್ತೀರಿ. ಒನಕಿ ಇಳಸೋದ ಮರೀತೀರಿ. ಇಳೀದಿದ್ರ ದೊಣ್ಣಿ ಎದಿ ಎತ್ತರಕ್ಕ ಗಾಳಿ ಬೀಸಿ ಹೋಗತದ. ಚೆಂಡಿಗೆ ಏನ ಸಂಬಂಧ?"

ಶಾಂತಾಬಾಯಿ ಬೆಂಚಿನಿಂದ, "ಒಂದ ಹಿಡಿ ಜ್ವಾಳ ಬೀಸಿದವರಲ್ಲ, ಒಂದ ಮುಷ್ಟಿ ಅಕ್ಕಿ ಕುಟ್ಟಿದವರಲ್ಲ. ಹೇಳೋ ಗತ್ತು ಕೇಳ್ರಿ" ಎನ್ನುತ್ತಿದ್ದರು. ಅವರು ಫ್ಲಾಸ್ಕಿನಲ್ಲಿ ಚಹ ತಂದು, ಗಂಡನ ಪಾಠವನ್ನು ಹೀಗೆ ತಿದ್ದುತ್ತ ಕೂರುವುದು ವಾಡಿಕೆಯಾಗಿತ್ತು.

ಕನ್ನಡಿ ಇಲ್ಲದ ಮೈದಾನದಲ್ಲಿ ಕಮಾಂಡರಿಗೆ ನೆರಳೇ ಕನ್ನಡಿ. ಬೆಳಿಗ್ಗೆ ಸೂರ್ಯನಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದರು. ನೆರಳು ಮುಂದೆ ಹುಲ್ಲಿನ ಮೇಲೆ ಉದ್ದಕ್ಕೆ ಬೀಳುತ್ತಿತ್ತು. ಎಡತೋಳು ನೇರವಾಗಿದೆಯೋ ಮಡಚಿತೋ, ತೋಳು ಎದೆಯ ಮುಂದಿದೆಯೋ ಬೆನ್ನ ಹಿಂದೆ ಕಳೆದುಹೋಯಿತೋ, ಎಲ್ಲ ಆ ನೆರಳಿನಲ್ಲಿ ಕಾಣುತ್ತಿತ್ತು. ಮಾನಸ ಕೆಲವು ಭಾನುವಾರ ನನ್ನ ಜೊತೆ ಬಂದು ನೆರಳಿನ ಈ ಪಾಠ ಕೇಳಿದ್ದಳು. ಆಗ ಅವಳು ಎಂಜಿನಿಯರಿಂಗ್ ಕಾಲೇಜಿನಲ್ಲಿದ್ದಳು. ಗೆಳತಿಯರೊಂದಿಗೆ ತೆಲುಗು, ಪಾಠಕ್ಕೆ ಇಂಗ್ಲಿಷು, ಜಗಳಕ್ಕೆ ಮಾತ್ರ ಕನ್ನಡ ಎನ್ನುವಂತಾಗಿತ್ತು. ಕಮಾಂಡರೊಡನೆ ಮಾತ್ರ ಹಟ ಹಿಡಿದು ಕನ್ನಡವಾಡುತ್ತಿದ್ದಳು. ಅವರ ಕನ್ನಡ ಅವಳಿಗೆ ಅರ್ಧ ತಿಳಿಯುತ್ತಿರಲಿಲ್ಲ, ಅದೇ ಅವಳಿಗೆ ಖುಷಿ.

ಕಮಾಂಡರಿಗೆ ಇನ್ನೂ ಒಂದು ಅಭ್ಯಾಸವಿತ್ತು. ಈ ಕಥೆ ನಿಂತಿರುವುದು ಅದರ ಮೇಲೆ. ದೊಣ್ಣೆ ಎತ್ತಿದ ಮೇಲೆ, ತುದಿಯಲ್ಲಿ, ತೋಳು ಇಳಿಸುವ ಮೊದಲು ಅವರು ನಿಲ್ಲುತ್ತಿದ್ದರು. ನಿಂತು ಮಾತಾಡುತ್ತಿದ್ದರು. "ಈಗ ನೋಡ್ರಿ, ಎಡತೋಳು ಎಲ್ಲದ?" ಎಂದು ಕೇಳಿ, ಉತ್ತರಕ್ಕೆ ಕಾದು, ಅದನ್ನು ತಿದ್ದಿ, ನಡುವೆ ಹಡಗಿನ ಕಥೆಯೊಂದನ್ನು ಹೇಳಿ, ಎಲ್ಲ ಮುಗಿಯುವ ತನಕ ದೊಣ್ಣೆ ಮೇಲೆಯೇ ಇರುತ್ತಿತ್ತು. ಹೊಸಬರು ನೋಡಿದರೆ ಯಾರೋ ಊರ ಚೌಕದಲ್ಲಿ ನಿಲ್ಲಿಸಿದ ವಿಗ್ರಹ ಎನ್ನಬೇಕು. ಆಮೇಲೆ, ಮಾತಿನ ನಡುವೆಯೇ, ಹೇಳದೆ ಕೇಳದೆ ಹೊಡೆಯುತ್ತಿದ್ದರು.

ಯುಗಾದಿಯ ದಿನ ಆಟ ಬೇಡವೆಂದು ಶಾಂತಾಬಾಯಿ ಹೇಳಿದ್ದರಂತೆ. "ವರ್ಷದ ಮೊದಲನೇ ದಿನ ಏನ್ ಮಾಡ್ತೀವಿ ಅದ ವರ್ಷಾನಗಟ್ಟಲೆ ನಡೀತದ" ಎಂದು ಕಮಾಂಡರ್ ಹೊರಟರು; ಶಾಂತಾಬಾಯಿಯೂ ಫ್ಲಾಸ್ಕು ಹಿಡಿದು ಹಿಂದೆಯೇ ಬಂದು ಬೆಂಚಿನ ಮೇಲೆ ಕೂತರು. ಅಪ್ಪಾರಾವುಗಾರು ತಮ್ಮ ಮನೆಯ ಯುಗಾದಿ ಪಚ್ಚಡಿಯನ್ನು ಸ್ಟೀಲಿನ ಲೋಟಗಳಲ್ಲಿ ತಂದಿದ್ದರು. ನಮ್ಮ ಬೇವು ಬೆಲ್ಲ ಒಂದು ಚಿಟಿಕೆ; ಅವರದು ಮಾವು, ಹುಣಸೆ ಎಲ್ಲ ಸೇರಿ ಗಟಗಟ ಕುಡಿಯುವಂಥದ್ದು. "ನಿಮ್ಮದು ಕಷ್ಟ ಸುಖಾನ ಪುಡಿ ಮಾಡಿ ನೆಕ್ಕೋದು, ಇವರದು ಲೋಟಗಟ್ಟಲೆ ಕುಡಿಯೋದು" ಎಂದು ಕಮಾಂಡರ್ ನಕ್ಕರು. ಆ ನಗು ನನಗೆ ಇನ್ನೂ ಕೇಳಿಸುತ್ತದೆ. ಅದಾದ ಮೇಲೆ ಅವರು ಎದ್ದು ಜಾಗಕ್ಕೆ ನಿಂತರು. ಚೆಂಡನ್ನು ಇಟ್ಟರು.

"ಇವತ್ತು ನನ್ನ ನೋಡಬ್ಯಾಡ್ರಿ," ಎಂದರು. "ನೆರಳಷ್ಟ ನೋಡ್ರಿ. ಒನಕಿ ಯಾವಾಗ ಇಳೀತದ, ಅದನ್ನ ಹೇಳ್ರಿ ನನಗ."

ನಾನು ತಲೆ ತಗ್ಗಿಸಿ ನೆರಳನ್ನು ನೋಡಿದೆ. ನೆರಳಿನ ತೋಳು ಎದ್ದಿತು. ತುದಿಗೆ ಹೋಗಿ ನಿಂತಿತು. ಅವರು ಮಾತು ಶುರುಮಾಡಿದರು. ಎಡತೋಳಿನ ಬಗ್ಗೆ ಏನೋ. ನಾನು ಹ್ಞೂಂಗುಟ್ಟಿದೆ.

ಆಗ ನನ್ನ ಎಡಗಡೆಯಿಂದ, ಎಂದರೆ ಅವರ ಬಲಗಡೆಯಿಂದ, ಹುಲ್ಲಿನ ಮೇಲೆ ಇನ್ನೊಂದು ನೆರಳು ಬಂತು. ಅದರ ಅಂಚು ಗಾಳಿಗೆ ಅಲುಗುತ್ತಿತ್ತು. ಅದು ದಾವಣಿಯ ಸೆರಗು ಎಂದು ನನಗೆ ತಕ್ಷಣ ತಿಳಿಯಲಿಲ್ಲ. ಆ ನೆರಳು ಅವರ ನೆರಳಿನ ಕಾಲಿನ ಹತ್ತಿರ ಬಂದು, ಮಡಚಿ, ಗಿಡ್ಡವಾಯಿತು.

ನಾನು ಕಣ್ಣೆತ್ತಿದೆ. ಮಾನಸ ಬಗ್ಗಿದ್ದಳು.

ಅವಳ ಅಮ್ಮ ಬೇವು ಬೆಲ್ಲದ ಡಬ್ಬಿ ಕೊಟ್ಟು ಕಳಿಸಿದ್ದಳು. ಅವಳು ಬಂದವಳೇ ಬೆಂಚಿನ ಹತ್ತಿರ ಶಾಂತಾಬಾಯಿಗೆ ನಮಸ್ಕರಿಸಿ, ಡಬ್ಬಿ ಅಲ್ಲಿಟ್ಟು, ಕಮಾಂಡರ್ ಕಡೆ ಹೋಗಿದ್ದಳು. ನಮ್ಮಲ್ಲಿ ಹಿರಿಯರಿಗೆ ನಮಸ್ಕರಿಸುವವರು ಮೊದಲು ಕರೆದು, ಗಂಟಲು ಸರಿಮಾಡಿ, ನಮಸ್ಕಾರ ಮಾಡಲೇ ಎಂದು ಕೇಳುವುದಿಲ್ಲ. ಮೆಲ್ಲನೆ ಹೋಗಿ ಬಗ್ಗುವುದೇ ಮರ್ಯಾದೆ. ಅವರು ದೊಣ್ಣೆ ಎತ್ತಿ ಮಾತಾಡುತ್ತ ನಿಂತಿದ್ದರು. ಪಾಠ ನಡೆಯುತ್ತಿದೆ, ಹೊಡೆತವಲ್ಲ ಎಂದು ಅವಳು ತಿಳಿದಳು. ನಾನಾದರೂ ಹಾಗೆಯೇ ತಿಳಿಯುತ್ತಿದ್ದೆ. ಅವಳು ಅವರ ಬಲಗಾಲಿನ ಪಕ್ಕದಲ್ಲಿ, ಸ್ವಲ್ಪ ಹಿಂದಿನಿಂದ ಬಗ್ಗಿದಳು. ಗಾಲ್ಫ್ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಮೇಲಿನಿಂದ ಇಳಿಯುವ ದೊಣ್ಣೆ ಚೆಂಡನ್ನು ತಲುಪುವ ಮೊದಲು ಹಾದುಬರುವ ದಾರಿ ಅದೇ. ಅವಳ ತಲೆ ಆ ದಾರಿಯಲ್ಲಿತ್ತು. ಹಬ್ಬದ ಎಣ್ಣೆಸ್ನಾನದ ಒದ್ದೆಗೂದಲು, ಹೊಸ ಬೈತಲೆ.

ಮತ್ತು ಅವರ ಮೈ ಆಗಲೇ ತಿರುಗಲು ಶುರುವಾಗಿತ್ತು.

ನಾನು ಬಾಯಿ ತೆರೆದೆ. ಹೆಸರು ಬರಲಿಲ್ಲ. ಯಾರೂ ಕೂಗಲಿಲ್ಲ. ಬೆಂಚಿನ ಮೇಲೆ ಅಪ್ಪಾರಾವುಗಾರು ಅರ್ಧ ಎದ್ದವರು ಹಾಗೆಯೇ ಬಾಗಿದ್ದರು. ಅವರ ಲೋಟದಿಂದ ಪಚ್ಚಡಿ ಸುರಿಯುತ್ತಿತ್ತು. ಮಾನಸಳ ಬೆರಳು ಕಮಾಂಡರ್ ಬೂಟಿನ ತುದಿಯನ್ನು ಮುಟ್ಟಿತು. ಅವರಿಗೆ ತಿಳಿದದ್ದು ಆ ಮುಟ್ಟುವಿಕೆಯಿಂದಲೇ, ಕಣ್ಣಿನಿಂದಲ್ಲ. ಅವರ ಕಣ್ಣು ಚೆಂಡಿನ ಮೇಲಿತ್ತು.

ಅವರು ನಿಲ್ಲಲಿಲ್ಲ. ನಿಲ್ಲಲು ಆಗುತ್ತಿರಲಿಲ್ಲ. ತಿರುಗಲು ಹೊರಟ ಸೊಂಟ, ಎದೆ, ಭುಜ ಯಾವುದೂ ಅಷ್ಟು ಹೊತ್ತಿಗೆ ಮನುಷ್ಯನ ಮಾತು ಕೇಳುವುದಿಲ್ಲ. ಬೀಸೋಕಲ್ಲು ತಿರುಗಿತು. ಅವರು ಮಾಡಿದ್ದು ಇಷ್ಟೇ: ತೋಳನ್ನು ಇಳಿಸಲಿಲ್ಲ. ಆಗಲೇ ಇಳಿಯಲು ಹೊರಟಿದ್ದ ತೋಳನ್ನು, ಅದರ ತುದಿಯ ಕಬ್ಬಿಣದ ಸಮೇತ, ಮೇಲಕ್ಕೆ ಎಳೆದು ಹಿಡಿದರು. ಮೈ ತಿರುಗಿದಂತೆ ದೊಣ್ಣೆ ಎದೆಯ ಎತ್ತರದಲ್ಲಿ ಅಡ್ಡಕ್ಕೆ, ಬಗ್ಗಿದ್ದ ನನ್ನ ಮಗಳ ಬೆನ್ನಿನ ಮೇಲಿಂದ, ಸುಂಯ್ ಎಂದು ಹಾದುಹೋಯಿತು. ಎಷ್ಟು ಮೇಲಿಂದ ಎಂದು ಕೇಳಬೇಡಿ. ಅವಳ ದಾವಣಿ ಅಲುಗಿದ್ದನ್ನು ಕಂಡೆ. ಒಂದು ಸದ್ದು ಕೇಳಿಸಿತು. ದಪ್ಪ ಬಟ್ಟೆ ಹರಿದಂಥ ಸದ್ದು. ಬಟ್ಟೆ ಯಾವುದೂ ಹರಿದಿರಲಿಲ್ಲ.

ತಿಂಗಳುಗಟ್ಟಲೆ ಅವರು ನನ್ನ ಮುಂಗೈ ಹಿಡಿದು ತಿದ್ದುತ್ತಿದ್ದ ತಪ್ಪು ಅದು. ತೋಳಿನ ಚಲನೆ ಎಂದರೇನು ಎಂಬುದು ನನಗೆ ಅರ್ಥವಾದದ್ದು ಆ ಕ್ಷಣದಲ್ಲಿ.

ಮಾನಸ ಕಣ್ಣಿಗೆ ಒತ್ತಿಕೊಂಡು ಎದ್ದಳು. ಅವರು ಪೂರ್ತಿ ಸುತ್ತಿ, ಅವಳಿಗೆ ಅರ್ಧ ಬೆನ್ನಾಗಿ ನಿಂತಿದ್ದರು. ದೊಣ್ಣೆ ಎಡಗೈಯಿಂದ ಜಾರಿ ಬಲಗೈಯಲ್ಲಿ ಉಳಿದಿತ್ತು. ಅದನ್ನೂ ಹುಲ್ಲಿನ ಮೇಲೆ ಬಿಟ್ಟರು. ತಿರುಗಿ, ಬಲಗೈಯನ್ನು ಅವಳ ತಲೆಯ ಮೇಲಿಟ್ಟರು.

"ದೊಡ್ಡಾಕಿ ಆಗವ್ವಾ. ನೂರು ವರ್ಷ ಬಾಳು. ಇಷ್ಟ ತಡಾ ಯಾಕ ಬಂದಿ? ಬೇವು ತಂದಿಯೋ, ಬರೇ ಬೆಲ್ಲ ತಂದಿಯೋ?"

"ಎರಡೂ ಇದೆ ಅಂಕಲ್."

"ಹಂಗಿರಬೇಕು."

ಅವಳು ಡಬ್ಬಿ ತಂದಳು. ಅವರು ಬಲಗೈಯಲ್ಲಿ ಚಿಟಿಕೆ ತೆಗೆದುಕೊಂಡು ಬಾಯಿಗೆ ಹಾಕಿಕೊಂಡು ನಕ್ಕರು. ಹಣೆಯ ಮೇಲೆ ಬೆವರು ಸಾಲುಸಾಲಾಗಿ ಇಳಿಯುತ್ತಿತ್ತು. ಗೆಳತಿಯರು ಕಾಯುತ್ತಿದ್ದಾರೆಂದು ಅವಳು ನನಗೂ ಕೈ ಬೀಸಿ ಹೊರಟಳು. ಅವಳ ಸ್ಕೂಟರಿನ ಸದ್ದು ಗೇಟು ದಾಟುವ ತನಕ ನಾವು ನಾಲ್ವರೂ ಇದ್ದಲ್ಲಿಯೇ ಇದ್ದೆವು. ಆಮೇಲೆ ಕಮಾಂಡರ್, "ಮ್ಯಾನೇಜರ್ರ, ನನ್ನ ಎಡಗೈ ಸ್ವಲ್ಪ ಎತ್ತರಿ. ನನಗ ಎತ್ತಾಕ ಬರವಲ್ದು" ಎಂದರು.

ಎತ್ತಿದೆ. ಅದು ಬೇರೆ ಯಾರದೋ ತೋಳಿನಂತೆ ಭಾರವಾಗಿತ್ತು. ಅವರ ಮುಖ ಬಿಳಿಚಿಕೊಂಡಿತು. ಹಾಗಿದ್ದೂ, "ಇವತ್ತು ನಿಮ್ಮ ಸ್ವಿಂಗ್ ಹೊಡದೆ ನೋಡ್ರಿ. ಇಷ್ಟ ದಿನಾ ನಕ್ಕೆ ನಿಮಗ" ಎಂದರು. ಅಪ್ಪಾರಾವುಗಾರು ಬಂದು ಹುಲ್ಲಿನ ಮೇಲೆ ಕೂತುಬಿಟ್ಟರು. ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು. ಶಾಂತಾಬಾಯಿ ಸೆರಗನ್ನೇ ಜೋಳಿಗೆ ಮಾಡಿ ಗಂಡನ ತೋಳನ್ನು ಕುತ್ತಿಗೆಗೆ ಕಟ್ಟಿದರು. ಗಂಟು ಹಾಕುವಾಗ ಅವರ ಬಾಯಿ "ಹಬ್ಬದ ದಿನ ಬ್ಯಾಡಂತ ಹೇಳಿದ್ದೆ" ಎನ್ನುತ್ತಿತ್ತು.

"ಆ ಹುಡುಗಿಗೆ ಹೇಳಬ್ಯಾಡ್ರಿ," ಎಂದರು ಕಮಾಂಡರ್, ನಮ್ಮ ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿ. "ಯಾರೂ. ಯಾವತ್ತೂ. ಆಕಿಗೆ ಗೊತ್ತಾದ್ರ ಇನ್ನ ಮ್ಯಾಲ ಯಾರ ಕಾಲಿಗೂ ಅಂಜಿಕಿಲ್ಲದ ಬಗ್ಗಂಗಿಲ್ಲ. ಹಿರಿಯರ ಮುಂದ ಬಗ್ಗೋ ಮಕ್ಕಳ ತಲಿಯೊಳಗ ಅಂಜಿಕಿ ಇರಬಾರದು."

ಅಪ್ಪಾರಾವುಗಾರಿಗೆ ಕನ್ನಡ ಬಾರದು. ನಾನು ತೆಲುಗಿನಲ್ಲಿ ಹೇಳಿದೆ. ಅವರು ಕೈ ಜೋಡಿಸಿದರು.

ಚೆಂಡು ಇಟ್ಟಲ್ಲಿಯೇ ಇತ್ತು.

ಭುಜದೊಳಗಿನ ಸ್ನಾಯು ಹರಿದಿತ್ತು. ಶಸ್ತ್ರಚಿಕಿತ್ಸೆಯಾಯಿತು, ಆದರೂ ಆ ತೋಳು ಮತ್ತೆಂದೂ ಎದೆಯಿಂದ ಮೇಲೆ ಏಳಲಿಲ್ಲ. ಹೇಗಾಯಿತೆಂದು ಕೇಳಿದ ವೈದ್ಯರಿಗೆ "ಹಬ್ಬದ ಹುರುಪು" ಎಂದರು. ಊರಿನ ಮಾತು ಹುಟ್ಟಿದ್ದು ಅಲ್ಲಿಂದ. ಮಾನಸ ಒಮ್ಮೆ ನನ್ನೆದುರಿಗೇ, "ಅಂಕಲ್, ಯಾಕೆ ಆಡೋದು ಬಿಟ್ಟಿರಿ?" ಎಂದು ಕೇಳಿದಳು. "ನಾನು ರಿಟೈರ್ ಆದಾಗ ಅದೂ ಆಗಬೇಕಿತ್ತು. ತಡಾ ಮಾಡಿ ಪೆನ್ಶನ್ ತೊಗೊಂಡದ" ಎಂದು ತೋಳನ್ನು ತೋರಿಸಿದರು. ಅವಳು ನಗಲಿಲ್ಲ. ಜೋಕು ಅರ್ಥವಾಗಲಿಲ್ಲವೆಂದು ನಾನು ಅಂದುಕೊಂಡೆ.

ಗುಟ್ಟೊಂದನ್ನು ಮನೆಯಲ್ಲಿಟ್ಟುಕೊಂಡು ಬದುಕುವುದು ಹೇಗೆಂದು ನಿಮಗೂ ಗೊತ್ತಿರಬಹುದು. ನಾನು ಹೆಂಡತಿಗೂ ಹೇಳಲಿಲ್ಲ. ಪರೀಕ್ಷೆಗೆ ಹೊರಡುವಾಗ, ಊರಿಗೆ ಹೋದಾಗ, ಹಬ್ಬಗಳಲ್ಲಿ, ಮಾನಸ ಯಾರ ಕಾಲಿಗಾದರೂ ಬಗ್ಗಿದರೆ ಎಲ್ಲರೂ ಅವಳನ್ನು ನೋಡುತ್ತಿದ್ದರು. ನನ್ನ ಕಣ್ಣು ಮೊದಲು ಆ ಹಿರಿಯರ ಕೈಗಳ ಕಡೆ ಹೋಗುತ್ತಿತ್ತು. ನಮ್ಮ ಸೋದರತ್ತೆ ಒಮ್ಮೆ ಲಟ್ಟಣಿಗೆ ಹಿಡಿದುಕೊಂಡೇ ಆಶೀರ್ವಾದ ಮಾಡಲು ಬಂದಾಗ ನಾನು ನಡುವೆ ನುಗ್ಗಿ ಅದನ್ನು ಕಿತ್ತುಕೊಂಡೆ. "ಇವನಿಗೆ ವಯಸ್ಸಾಯಿತು, ಅಡುಗೆಮನೆಯ ಸಾಮಾನಿನ ಮೇಲೂ ಅಧಿಕಾರ" ಎಂದು ಅವರು ಇನ್ನೂ ಹೇಳುತ್ತಾರೆ. ಗಾಲ್ಫನ್ನು ನಾನು ಬಿಡಲಿಲ್ಲ. ಕಮಾಂಡರ್ ಬೆಂಚಿನ ಮೇಲೆ ಕೂತು ಬಾಯಿಂದಲೇ ಕಲಿಸಿದರು. ತೋಳು ಇಳಿಸುವುದು ನನಗೆ ಆಮೇಲೆ ಬಂತು. ಆದರೆ ಇಳಿಸುವ ಮೊದಲು ಒಮ್ಮೆ ಬಲಗಾಲಿನ ಕಡೆ ತಿರುಗಿ ನೋಡುತ್ತಿದ್ದೆ. ಹಾಗೆ ನೋಡುವವನ ಚೆಂಡು ನೇರ ಹೋಗುವುದಿಲ್ಲ.

ಮಾನಸಳ ಮದುವೆ ವಿಜಯವಾಡದಲ್ಲಾಯಿತು. ಹುಡುಗ ಅಲ್ಲಿಯವನೇ, ತೆಲುಗಿನವನು. ಕಮಾಂಡರ್ ದಂಪತಿ ರೈಲು ಹತ್ತಿ ಬಂದಿದ್ದರು. ವಧೂವರರು ಬಗ್ಗಿದಾಗ ಅವರು ಬಲಗೈಯಿಂದ ಅಕ್ಷತೆ ಹಾಕಿದರು. ಎಡಗೈ ಪಕ್ಕದಲ್ಲಿ ತೂಗುತ್ತಿತ್ತು. ಹುಡುಗನ ದೊಡ್ಡತ್ತೆಯೊಬ್ಬರು ಪಕ್ಕದವರಿಗೆ ಕೇಳಿಸುವಂತೆ, "ಒಂಟಿಚೇತ್ತೋನಾ ಆಶೀರ್ವಾದಂ?" ಎಂದರು. ಒಂದೇ ಕೈಯಲ್ಲಿ ಹರಸುವುದೇ ಎಂದು. ಶುಭದ ಹೊತ್ತಿಗೆ ಅದು ಅವರಿಗೆ ಅಪಶಕುನವಾಗಿ ಕಂಡಿರಬೇಕು. ನನ್ನ ರಕ್ತ ತಲೆಗೇರಿತು. ಆ ತೋಳು ಹಾಗೆ ತೂಗುತ್ತಿರುವುದು ಯಾಕೆಂದು ಮಂಟಪದ ಮೈಕು ಕಿತ್ತುಕೊಂಡು ಹೇಳಬೇಕೆನ್ನಿಸಿತು. ಕಮಾಂಡರ್ ನನ್ನನ್ನೇ ನೋಡುತ್ತಿದ್ದರು. ತಲೆಯನ್ನು ಬಹಳ ಸಣ್ಣದಾಗಿ ಅಡ್ಡಡ್ಡ ಆಡಿಸಿದರು.

ಆಗ ಮಾನಸ ಎದ್ದು ನಿಂತವಳು ಮತ್ತೆ ಬಗ್ಗಿದಳು. ಮೆಹಂದಿಯ ಎರಡೂ ಕೈಯಿಂದ ಅವರ ಎಡಗೈಯನ್ನು ಎತ್ತಿ, ತನ್ನ ತಲೆಯ ಮೇಲಿಟ್ಟುಕೊಂಡು, ಹಾಗೆಯೇ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದಳು. ಹುಡುಗಿ ಜಾಣೆ, ಅತ್ತೆಯ ಬಾಯಿ ಮುಚ್ಚಿಸಿದಳು ಎಂದು ನಾನು ಹೆಮ್ಮೆಪಟ್ಟೆ. ಅಷ್ಟೇ ತಿಳಿದದ್ದು ನನಗೆ.

ಕಮಾಂಡರ್ ಎರಡು ಮಳೆಗಾಲದ ಹಿಂದೆ ತೀರಿಕೊಂಡರು. ನಿದ್ದೆಯಲ್ಲೇ ಹೋದರು.

ಇನ್ನು ಮೊನ್ನೆಯ ಕಾರಿಗೆ ಬರುತ್ತೇನೆ. ಮಾನಸ ಈಗ ಇಬ್ರಾಹಿಂಪಟ್ನಂನ ವಿದ್ಯುತ್ ಸ್ಥಾವರದಲ್ಲಿ ಎಂಜಿನಿಯರ್. ನಿವೃತ್ತಿಯ ನಂತರ ನಾವೂ ಅವಳ ಮನೆಯ ಹತ್ತಿರ ಬಂದಿದ್ದೇವೆ. ಒನ್ ಟೌನಿನ ಗಲ್ಲಿ ಬಿಟ್ಟು ನದಿಯ ಪಕ್ಕದ ರಸ್ತೆಗೆ ಬಂದೆವು. ದೂರದಲ್ಲಿ ಸ್ಥಾವರದ ಚಿಮಣಿಗಳು ಕಂಡ ಮೇಲೆ ಹೇಳಿದಳು.

"ಅಪ್ಪ, ನೀನು ಕೂಗಿದ್ದು ಆ ಹುಡುಗಿಗಲ್ಲ."

ನಾನು ಕಿಟಕಿಯ ಗಾಜು ಏರಿಸಿದೆ.

"ನನಗೆ ಕೂಗಿದ್ದು. ಲೇಟಾಯಿತು, ಅಷ್ಟೇ."

"ನಿನಗೆ ಯಾರು ಹೇಳಿದರು?" ಎಂದೆ. "ಶಾಂತಾಬಾಯಿಯವರಾ?"

"ಯಾರೂ ಹೇಳಲಿಲ್ಲ. ನಾನೇ ಅಲ್ಲಿದ್ದೆ ಅಲ್ವಾ." ಅವಳು ರಸ್ತೆ ನೋಡುತ್ತಲೇ ಹೇಳಿದಳು. "ಬಗ್ಗಿದಾಗ ಜಡೆ ಮುಂದಕ್ಕೆ ಬಿತ್ತು. ಹಿಂದಕ್ಕೆ ಹಾಕೋಕೆ ತಲೆ ಬಲಕ್ಕೆ ತಿರುಗಿಸಿದೆ. ಹುಲ್ಲಿನ ಮೇಲೆ ಅಂಕಲ್ ನೆರಳಿತ್ತು, ಅದರ ಕಾಲ ಹತ್ತಿರ ನನ್ನ ನೆರಳು. ತೋಳು ಇಳಿಯೋಕೆ ಶುರುವಾಗಿದ್ದು ಕಂಡೆ. ಆಮೇಲೆ ಅದು ಇಳಿಯಲಿಲ್ಲ. ನನ್ನ ನೆರಳಿನ ಮೇಲಿಂದ ಹೋಯಿತು. ಅದರಾಚೆ ನಿನ್ನ ಬೂಟು ಕಾಣ್ತಿತ್ತು ಅಪ್ಪ. ಒಂದು ಹೆಜ್ಜೆ ಮುಂದೆ ಇಟ್ಟು, ನಿಂತಿತ್ತು."

ಹೆಜ್ಜೆ ಮುಂದಿಟ್ಟದ್ದು ನನಗೆ ನೆನಪಿರಲಿಲ್ಲ. ಅದನ್ನು ಈಗ ಅವಳಿಂದ ಕೇಳಿ ತಿಳಿದೆ.

"ಅಂದೇ ಯಾಕೆ ಹೇಳಲಿಲ್ಲ?"

"ಹೇಗೆ ಹೇಳಲಿ? ನನಗೆ ಗೊತ್ತಾಗಬಾರದು ಅಂತ ಅವರು ಅಷ್ಟು ಕಷ್ಟಪಟ್ಟು ನಗ್ತಾ ಇದ್ದರು. ಬೇವು ತಂದಿಯೋ ಬೆಲ್ಲ ತಂದಿಯೋ ಅಂತ ಕೇಳ್ತಾ ಇದ್ದರು. ಗೇಟು ದಾಟಿ, ತಿರುವಿನಲ್ಲಿ ಸ್ಕೂಟರ್ ನಿಲ್ಲಿಸಿ ಅತ್ತೆ."

ಕಮಾಂಡರ್ ಹೇಳಿದ ಮಾತನ್ನು ನಾನು ಅವಳಿಗೆ ಹೇಳಿದೆ, ಅಂಜಿಕೆ ಇರಬಾರದು ಎಂದದ್ದನ್ನು. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. "ಈಗಲೂ ಭಯವಾಗುತ್ತಾ, ಬಗ್ಗುವಾಗ?" ಎಂದು ಕೇಳಿದೆ.

"ಆಗುತ್ತೆ. ಪ್ರತಿ ಸಲ ಆಗುತ್ತೆ," ಎಂದಳು. "ಆದರೂ ಬಗ್ತೀನಿ. ಅವರ ಕೈ ನೆನಸಿಕೊಂಡು ಬಗ್ತೀನಿ."

ಮನೆಯ ಮುಂದೆ ಕಾರು ನಿಲ್ಲಿಸಿ, ಇಳಿಯುವ ಮೊದಲು, ಅವಳು ಒಮ್ಮೆ ನನ್ನ ಕೈಗಳನ್ನು ನೋಡಿದಳು. ಅವು ನನ್ನ ಮಡಿಲಲ್ಲಿ ಖಾಲಿಯಿದ್ದವು. ಈ ಯುಗಾದಿಗೆ ಅವಳು ನನ್ನ ಕಾಲಿಗೆ ಬಗ್ಗಿದಾಗ ಎರಡು ಕೈಯನ್ನೂ ಅವಳ ತಲೆಯ ಮೇಲೆ ಇಟ್ಟೆ. ಬೇರೆ ಯಾರ ಕಡೆಯೂ ನೋಡಲಿಲ್ಲ.

ಆ ಬೆಳಿಗ್ಗೆ ಅಲ್ಲಿದ್ದು ಅದನ್ನು ಕಂಡವರಲ್ಲಿ ಈಗ ಬದುಕಿರುವವರ ಹೆಸರನ್ನು ಬರೆದು ಮುಗಿಸುತ್ತೇನೆ, ಮುಂದೆ ಯಾರಾದರೂ ಬೇರೆ ಥರ ಹೇಳಿದರೆ ಕೇಳುವುದಕ್ಕಿರಲಿ. ಅಪ್ಪಾರಾವುಗಾರು ವಿಶಾಖಪಟ್ಟಣದಲ್ಲೇ ಇದ್ದಾರೆ. ಕಣ್ಣು ಮಂದವಾಗಿದೆ, ಕೇಳಿದರೆ ಇದೊಂದನ್ನು ಮಾತ್ರ ಸ್ಪಷ್ಟವಾಗಿ ಹೇಳಬಲ್ಲರು. ಶಾಂತಾಬಾಯಿ ಧಾರವಾಡದಲ್ಲಿ ತಂಗಿಯ ಮನೆಯಲ್ಲಿದ್ದಾರೆ. ರೊಟ್ಟಿ ಈಗ ಗರಿಗರಿಯಾಗಿ ಉಳಿಯುತ್ತದಂತೆ. ನಾನಿದ್ದೇನೆ. ಮೊನ್ನೆಯ ತನಕ ಈ ಲೆಕ್ಕ ಇಲ್ಲಿಗೇ ಮುಗಿಯುತ್ತಿತ್ತು.

ಇನ್ನೊಬ್ಬಳು ಮಾನಸ.